ಬಸಿರಿನಲ್ಲೇ ಹಲ್ಲೆಣಿಸುವ ಸ್ಕ್ಯಾನ್

ಸಿಂಧ್ ಸೀಮೆಯ ಒಂದು ಹಿಂದೂ ಮನೆತನದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಬರೆದಿಟ್ಟಿದ್ದಾನೆ. ಆಗ ನಮ್ಮ ಧಾರವಾಡ, ಬೆಳಗಾವಿಗಳ ಹಾಗೆ ಸಿಂಧ್ ಕೂಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆ ಮನೆತನದ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ಇದ್ದದ್ದು ನಾಲ್ಕು ಸಣ್ಣ ಬಾಚಿಹಲ್ಲು, ಎಂಟು ದವಡೆಹಲ್ಲು, ಅಷ್ಟೇ. ಮೈಮೇಲೆ ಕೂದಲು ತೀರಾ ಕಡಿಮೆ, ತಲೆ ಬೇಗನೆ ಬೋಳು. ಬೇಸಿಗೆ ಬಂತೆಂದರೆ ಚರ್ಮ ಒಣಗಿ ಸಂಕಟ. ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಈ ತೊಂದರೆ ಇರಲಿಲ್ಲ, ಆದರೆ ಅವರು ಹೆತ್ತ ಗಂಡುಮಕ್ಕಳಲ್ಲಿ ಅದು ಕಾಣಿಸಿಕೊಳ್ಳುತ್ತಿತ್ತು. ತಂದೆಯಿಂದ ಮಗನಿಗೆ ಇಳಿದ ಉದಾಹರಣೆ ಒಂದೂ ಇರಲಿಲ್ಲ.

ಜೀನ್ ಎಂಬ ಪದವೇ ಇನ್ನೂ ಹುಟ್ಟಿರದಿದ್ದ ಕಾಲ ಅದು. ಆದರೂ ಡಾರ್ವಿನ್ ಕೊಟ್ಟ ಲಕ್ಷಣಗಳನ್ನು ಇವತ್ತಿನ ವೈದ್ಯರ ಮುಂದಿಟ್ಟರೆ ಕಾಯಿಲೆಯ ಹೆಸರು ತಟ್ಟನೆ ಬರುತ್ತದೆ: ಎಕ್ಸ್-ಲಿಂಕ್ಡ್ ಹೈಪೋಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ಹೆಸರು ಮೈಲುದ್ದ, ತಿರುಳು ಚಿಕ್ಕದು. ಬೆವರುಗ್ರಂಥಿ, ಕೂದಲು, ಹಲ್ಲು ಈ ಮೂರೂ ಗರ್ಭದಲ್ಲಿ ಒಂದೇ ಹೊರಪದರದಿಂದ ಮೊಳೆಯುತ್ತವೆ. ಅವುಗಳಿಗೆ 'ಮೊಳೆ' ಎಂದು ಸೂಚನೆ ಕೊಡುವ ಪ್ರೋಟೀನ್ ಒಂದಿದೆ, ಇಡಿಎ ಅಂತ. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಅದರ ಜೀನ್ ಪತ್ತೆಯಾದದ್ದು 1996ರಲ್ಲಿ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಒಂದು ಕೆಟ್ಟರೂ ಇನ್ನೊಂದು ಹೆಚ್ಚುಕಡಿಮೆ ನಿಭಾಯಿಸುತ್ತದೆ, ಒಂದೆರಡು ಹಲ್ಲು ಕಡಿಮೆಯಾಗಬಹುದು. ಗಂಡಿಗೆ ಇರುವುದೇ ಒಂದು. ಅದೂ ತಾಯಿಯಿಂದಲೇ ಬಂದದ್ದು. ಸಿಂಧ್ ಮನೆತನದ ಒಗಟು ಇಷ್ಟೇ.

ಹಲ್ಲಿಲ್ಲದಿರುವುದು ಈ ಕಾಯಿಲೆಯ ದೊಡ್ಡ ಅಪಾಯವಲ್ಲ. ಬೆವರದ ಕೂಸಿನ ಮೈ ತಣ್ಣಗಾಗುವ ದಾರಿಯೇ ಮುಚ್ಚಿರುತ್ತದೆ. ಸಾಮಾನ್ಯ ಜ್ವರಕ್ಕೂ, ಬೇಸಿಗೆಯ ಸೆಕೆಗೂ ಮೈಶಾಖ ಏರಿ ಪ್ರಾಣಕ್ಕೇ ಕುತ್ತು ಬರಬಹುದು. ಹುಟ್ಟುವ ಮೊದಲೇ ಗೊತ್ತಿದ್ದರೆ ಒದ್ದೆ ಬಟ್ಟೆ, ತಂಪು ಕೋಣೆಗಳ ತಯಾರಿಯಿಂದಲೇ ಕೂಸು ಉಳಿಯುತ್ತದೆ.

ಬಸಿರಿನಲ್ಲಿರುವ ಕೂಸು ಬೆವರುತ್ತದೋ ಇಲ್ಲವೋ ನೋಡುವುದು ಹೇಗೆ? ನೋಡಲಾಗದು. ಕೂದಲೂ ಕಾಣದು. ಕಾಣುವುದು ಹಲ್ಲು. ಇಪ್ಪತ್ತು ಹಾಲುಹಲ್ಲುಗಳ ಮೊಳಕೆಗಳು, ಒಂದೊಂದು ದವಡೆಯಲ್ಲಿ ಹತ್ತರಂತೆ, ಐದನೇ ತಿಂಗಳಿಗಾಗಲೇ ವಸಡಿನೊಳಗೆ ಸಾಲಾಗಿ ಕೂತಿರುತ್ತವೆ. ಸ್ಕ್ಯಾನ್ ಪರದೆಯಲ್ಲಿ ದವಡೆ ಬೆಳ್ಳಗಿನ ಕಮಾನಿನ ಹಾಗೆ, ಮೊಳಕೆಗಳು ಅದರೊಳಗಿನ ಪುಟ್ಟ ಕಪ್ಪು ಗುಳಿಗಳ ಹಾಗೆ ಕಾಣುತ್ತವೆ. ಚೆನ್ನೆಮಣೆಯನ್ನು ನೆನಪಿಸಿಕೊಳ್ಳಿ. ಜರ್ಮನಿಯ ಎರ್ಲಾಂಗನ್ ಊರಿನ ವೈದ್ಯರು ಮಾಡಿದ್ದು ಇಷ್ಟೇ: ಆ ಗುಳಿಗಳನ್ನು ಎಣಿಸಿದರು. ಈ ಕಾಯಿಲೆ ಹರಿದುಬಂದ ಮನೆಯ ಕೂಸಿನ ದವಡೆಯಲ್ಲಿ ಬೆರಳೆಣಿಕೆಯಷ್ಟೇ ಗುಳಿಗಳಿದ್ದರೆ ಕಾಯಿಲೆ ಅದರಲ್ಲೂ ಇದೆಯೆಂದು ಹೆಚ್ಚುಕಡಿಮೆ ಖಚಿತ.

ಆದರೆ ನಿಮ್ಮೂರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಐದನೇ ತಿಂಗಳಿಗೆ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ ಹಲ್ಲನ್ನು ಯಾರೂ ಎಣಿಸುವುದಿಲ್ಲ. ಎಣಿಸಬೇಕಾದ ಕಾರಣವೂ ಇಲ್ಲ. ತಲೆಯ ಸುತ್ತಳತೆ, ಮಿದುಳಿನ ಕೋಣೆಗಳು, ತುಟಿ, ಹೃದಯದ ನಾಲ್ಕು ಗೂಡು, ಬೆನ್ನುಹುರಿ, ಹೊಟ್ಟೆ, ಎರಡು ಕಿಡ್ನಿ, ಕೈಕಾಲು, ತೊಡೆಮೂಳೆಯ ಉದ್ದ, ಮಾಸು, ಗರ್ಭಜಲ. ಇಷ್ಟನ್ನು ನೋಡುವುದಕ್ಕೇ ಅರ್ಧ ಗಂಟೆ ಬೇಕು, ಹೊರಗೆ ಇನ್ನೂ ಇಪ್ಪತ್ತು ಜನ ನೀರು ಕುಡಿದು ಕಾದಿರುತ್ತಾರೆ. ಅಪರೂಪದ ಕಾಯಿಲೆಗಳಲ್ಲಿ ಬಹುಪಾಲು, ಹುಡುಕಬೇಕಾದದ್ದು ಏನೆಂದು ಮೊದಲೇ ಗೊತ್ತಿದ್ದವರ ಕಣ್ಣಿಗೆ ಮಾತ್ರ ಬೀಳುತ್ತವೆ. ಅದನ್ನು ಯಂತ್ರ ಹೇಳಿಕೊಡುವುದಿಲ್ಲ, ಮನೆಯವರು ಹೇಳಬೇಕು.

ಯಂತ್ರ ಏನು ಮಾಡುತ್ತದೆಂಬುದನ್ನು ಒಮ್ಮೆ ನೋಡಿಬಿಡೋಣ. ಬಾವಿಗೆ ಕಲ್ಲು ಹಾಕಿ, 'ಗುಳುಂ' ಎಂಬ ಸದ್ದು ಬರಲು ಹಿಡಿದ ಹೊತ್ತಿನಿಂದ ಆಳವನ್ನು ಅಂದಾಜು ಮಾಡುವವರಿದ್ದಾರೆ. ಸ್ಕ್ಯಾನ್ ಕೂಡ ಅದೇ ಲೆಕ್ಕ. ಹೊಟ್ಟೆಯ ಮೇಲೆ ಜೆಲ್ ಸವರಿ ಇಡುವ ಆ ಹಿಡಿಯೊಳಗಿನ ಹರಳುಗಳು ನಮ್ಮ ಕಿವಿಗೆ ಕೇಳಿಸದ ಸದ್ದನ್ನು ಒಳಗೆ ಕಳಿಸಿ ಮರುದನಿಗೆ ಕಾಯುತ್ತವೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಇದು 30ರಿಂದ 50 ಲಕ್ಷ ಕಂಪನದ ಸದ್ದು. ಮೈಯೊಳಗೆ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. ಮೂಳೆಗೆ ಬಡಿದರೆ ಜೋರಾಗಿ ಮರಳುತ್ತದೆ, ಪರದೆಯಲ್ಲಿ ಬಿಳಿ. ನೀರಿನಲ್ಲಿ ಹಾಗೇ ಹಾದುಹೋಗುತ್ತದೆ, ಪರದೆಯಲ್ಲಿ ಕಪ್ಪು. ಇದರಲ್ಲಿ ಎಕ್ಸ್-ರೇ ಇಲ್ಲ, ಆ ಬಗೆಯ ವಿಕಿರಣವೂ ಇಲ್ಲ. ಸ್ಕ್ಯಾನ್ ಮಾಡಿಸಿದರೆ ಮಗುವಿಗೆ 'ಕಿರಣ' ತಗಲುತ್ತದೆ ಎಂಬ ಭಯಕ್ಕೆ ಬುಡವಿಲ್ಲ. ಮೊದಲು ಇದನ್ನು ಬಸುರಿಯರ ಮೇಲೆ ಬಳಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೋದ ಇಯಾನ್ ಡೊನಾಲ್ಡ್. ಕಬ್ಬಿಣದ ಎರಕದಲ್ಲಿ ಬಿರುಕು ಹುಡುಕುವ ಕಾರ್ಖಾನೆಯ ಯಂತ್ರದಿಂದ ಶುರುಮಾಡಿ, ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಸೇರಿ 1958ರಲ್ಲಿ ಪ್ರಬಂಧ ಪ್ರಕಟಿಸಿದ.

ಈ ಸದ್ದಿನ ಒಂದು ಅಲೆಯ ಉದ್ದ ಸುಮಾರು ಅರ್ಧ ಮಿಲಿಮೀಟರ್. ಡಿಎನ್‌ಎ ಎಳೆಯ ಅಗಲ ಎರಡು ನ್ಯಾನೋಮೀಟರ್. ಎರಡಕ್ಕೂ ಎರಡು ಲಕ್ಷ ಪಟ್ಟಿಗಿಂತ ಹೆಚ್ಚಿನ ಅಂತರ. ಅಂದಮೇಲೆ ಯಾವ ಸ್ಕ್ಯಾನೂ, ತ್ರೀಡಿ ಆಗಲಿ ಫೋರ್‌ಡಿ ಆಗಲಿ, ಜೀನನ್ನು ನೋಡುವುದಿಲ್ಲ. ಹೊಲದ ಬದುವಿನಲ್ಲಿ ನಿಂತ ರೈತ ತೆನೆ, ಕಡ್ಡಿ, ಗರಿ ನೋಡಿ 'ಇದು ಇಂಥ ರಾಗಿ ತಳಿ' ಅನ್ನುತ್ತಾನಲ್ಲ, ಸ್ಕ್ಯಾನ್ ಮಾಡುವ ವೈದ್ಯರದೂ ಆ ಬಗೆಯ ವಿದ್ಯೆ. ಜೀನ್ ಕೆಟ್ಟದ್ದರಿಂದ ಆಕಾರ ಎಲ್ಲಿ ಕೆಟ್ಟಿದೆ ಎಂದು ನೋಡುತ್ತಾರೆ. ಆಕಾರ ಕೆಡದಿದ್ದರೆ? ಇಲ್ಲವೇ ಕೆಡಲು ಇನ್ನೂ ಹೊತ್ತಿದ್ದರೆ?

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಎಫ್‌ಜಿಎಫ್‌ಆರ್3 ಎಂಬ ಜೀನ್. ಮೂಳೆಯ ಬೆಳವಣಿಗೆಗೆ ಅದು ಬ್ರೇಕ್ ಇದ್ದ ಹಾಗೆ. ಮೂಳೆ ಅತಿಯಾಗಿ ಉದ್ದವಾಗದಂತೆ ಆಗಾಗ ಒತ್ತಿ ಬಿಡುವುದು ಅದರ ಕೆಲಸ. ಜೀನ್ ಒಂದು ಬಗೆಯಲ್ಲಿ ಕೆಟ್ಟರೆ ಬ್ರೇಕ್ ಪೂರ್ತಿ ಕಚ್ಚಿಕೊಂಡುಬಿಡುತ್ತದೆ. ಆಗ ಬರುವುದು ಥ್ಯಾನಟೋಫೋರಿಕ್ ಡಿಸ್‌ಪ್ಲೇಸಿಯಾ. ಗ್ರೀಕಿನಲ್ಲಿ ಆ ಪದಕ್ಕೆ 'ಸಾವನ್ನು ಹೊತ್ತು ತರುವುದು' ಎಂಬ ಅರ್ಥ. ಹತ್ತಾರು ಸಾವಿರ ಹೆರಿಗೆಗೆ ಒಂದು. 20ನೇ ವಾರಕ್ಕೆ ಸುಮಾರು 33 ಮಿಲಿಮೀಟರ್ ಇರಬೇಕಾದ ತೊಡೆಮೂಳೆ ಅದಕ್ಕಿಂತ ತೀರಾ ಗಿಡ್ಡ. ಅದರ ಒಂದು ಬಗೆಯಲ್ಲಿ ಮೂಳೆ ಬಾಗಿ ಹಳೇ ಲ್ಯಾಂಡ್‌ಲೈನ್ ಫೋನಿನ ರಿಸೀವರಿನ ಹಾಗೆ ಕಾಣುತ್ತದೆ. ವೈದ್ಯಕೀಯ ಪುಸ್ತಕಗಳಲ್ಲಿ ಇರುವುದೂ ಇದೇ ಹೋಲಿಕೆ, ಇವತ್ತಿನ ವಿದ್ಯಾರ್ಥಿಗಳು ಆ ಫೋನನ್ನೇ ನೋಡಿಲ್ಲ ಅನ್ನುವುದು ಬೇರೆ ಮಾತು. ಎದೆಗೂಡು ಎಷ್ಟು ಕಿರಿದೆಂದರೆ ಒಳಗೆ ಶ್ವಾಸಕೋಶ ಬೆಳೆಯಲು ಜಾಗವಿಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವು ಹುಟ್ಟಿದ ಕೆಲವೇ ಗಂಟೆ, ದಿನಗಳಲ್ಲಿ ತೀರಿಹೋಗುತ್ತವೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಇದು ತಪ್ಪಿಹೋಗುವುದು ಅಪರೂಪ.

ಅದೇ ಜೀನ್ ಇನ್ನೊಂದು ಕಡೆ ಒಂದೇ ಒಂದು ಅಕ್ಷರ ಬದಲಾದರೆ ಬ್ರೇಕ್ ಅರ್ಧ ಕಚ್ಚುತ್ತದೆ. ಅದು ಅಕಾಂಡ್ರೋಪ್ಲೇಸಿಯಾ, ಕೈಕಾಲು ಗಿಡ್ಡವಾಗಿ ತೀರಾ ಕುಳ್ಳಾಗಿರುವುದಕ್ಕೆ ಅತಿ ಸಾಮಾನ್ಯ ಕಾರಣ. ಬುದ್ಧಿಗೆ ಏನೂ ಕೊರತೆಯಿಲ್ಲ, ಬಾಳೂ ಹೆಚ್ಚುಕಡಿಮೆ ಎಲ್ಲರಷ್ಟೇ. 2021ರಿಂದ ಮಕ್ಕಳಿಗೆ ಇದಕ್ಕೊಂದು ಚುಚ್ಚುಮದ್ದೂ ಬಂದಿದೆ. ಆದರೆ 20ನೇ ವಾರದಲ್ಲಿ ಈ ಕೂಸಿನ ತೊಡೆಮೂಳೆ ಸರಿಯಾಗಿಯೇ ಇರುತ್ತದೆ! ಹಿಂದೆ ಬೀಳಲು ಶುರುವಾಗುವುದು 24ನೇ ವಾರದಿಂದ ಈಚೆಗೆ. ತೆನೆ ಹೊಡೆಯುವವರೆಗೆ ಎರಡು ತಳಿ ಒಂದೇ ಥರ ಕಾಣುವ ಹಾಗೆ. ಏಳನೇ ತಿಂಗಳಿಗೆ 'ಮೂಳೆ ಗಿಡ್ಡ ಇದೆ' ಅಂದಾಗ ಮನೆಯವರು 'ಐದನೇ ತಿಂಗಳಲ್ಲಿ ನಾರ್ಮಲ್ ಅಂದಿದ್ರಲ್ಲ, ಸರಿಯಾಗಿ ನೋಡಿಲ್ಲ' ಎಂದು ರೇಗುತ್ತಾರೆ. ಸರಿಯಾಗಿಯೇ ನೋಡಿದ್ದರು, ಆಗ ಅದು ಇರಲಿಲ್ಲ. ಇಂಥ ಮಕ್ಕಳಲ್ಲಿ ಹತ್ತಕ್ಕೆ ಎಂಟು ಸಾಮಾನ್ಯ ಎತ್ತರದ ತಂದೆತಾಯಿಗೆ ಹುಟ್ಟುತ್ತವೆ. ಬದಲಾವಣೆ ಆ ಮಗುವಿನಲ್ಲೇ ಹೊಸತಾಗಿ ಬಂದಿರುತ್ತದೆ, ತಂದೆಯ ವಯಸ್ಸು ಏರಿದಂತೆ ಅದರ ಸಂಭವ ಸ್ವಲ್ಪ ಏರುತ್ತದೆ. ಬಸುರಿಯ ವಯಸ್ಸನ್ನೇ ಎತ್ತಿ ಆಡುವವರು ಇದನ್ನೂ ತಿಳಿದಿರಲಿ.

ಹಾಗೆಂದು ತೊಡೆಮೂಳೆ ಗಿಡ್ಡ ಅಂದಕೂಡಲೇ ಕಾಯಿಲೆ ಅಲ್ಲ. ಅಪ್ಪ ಅಮ್ಮ ಗಿಡ್ಡ ಇರಬಹುದು. ಮಾಸಿನಿಂದ ಪೋಷಣೆ ಸಾಲದೆ ಕೂಸು ಸೊರಗಿರಬಹುದು. ಇನ್ನೂ ಹೆಚ್ಚಾಗಿ, ಮುಟ್ಟಿನ ತಾರೀಕು ತಪ್ಪಾಗಿ ನೆನಪಿದ್ದು ಲೆಕ್ಕವೇ ಎರಡು ವಾರ ಹೆಚ್ಚುಕಡಿಮೆ ಆಗಿರಬಹುದು. ಮೊದಲ ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಮಾಡಿಸಿ ದಿನ ಗಟ್ಟಿಮಾಡಿಕೊಳ್ಳಿ ಎಂದು ವೈದ್ಯರು ಒತ್ತಾಯಿಸುವುದು ಇದಕ್ಕೇ. ಅಳತೆಗೋಲೇ ಅಲುಗಾಡಿದರೆ ಗಿಡ್ಡ ಉದ್ದ ಹೇಳುವುದು ಹೇಗೆ?

ಅಕಾಂಡ್ರೋಪ್ಲೇಸಿಯಾ ತಡವಾಗಿ ಕಾಣಿಸಿಕೊಂಡರೆ, ತಡವಾದಷ್ಟೂ ಮರೆಯಾಗುವ ಕಾಯಿಲೆಗಳೂ ಇವೆ. ಮೆಕೆಲ್-ಗ್ರೂಬರ್ ಸಿಂಡ್ರೋಮ್ ಅಂಥದ್ದು. ಮೂರು ಗುರುತು: ತಲೆಯ ಹಿಂಬದಿಯ ಬುರುಡೆಯಲ್ಲಿ ತೂತು ಬಿಟ್ಟು ಮಿದುಳು ಹೊರಚಾಚಿರುವುದು, ನೀರುಗುಳ್ಳೆಗಳಿಂದ ಊದಿಕೊಂಡ ಕಿಡ್ನಿಗಳು, ಕೈಕಾಲಿನಲ್ಲಿ ಆರನೆಯ ಬೆರಳು. ಬಿಡಿಬಿಡಿಯಾಗಿ ಒಂದೊಂದಕ್ಕೂ ಬೇರೆ ಕಾರಣಗಳಿರಬಹುದು. ಆರು ಬೆರಳನ್ನಂತೂ ನಮ್ಮಲ್ಲಿ ಅದೃಷ್ಟ ಎನ್ನುವವರಿದ್ದಾರೆ, ಬಹಳಷ್ಟು ಸಲ ಅದು ಮನೆತನದಲ್ಲಿ ಸುಮ್ಮನೆ ನಡೆದುಬಂದ, ಏನೂ ತೊಂದರೆಯಿಲ್ಲದ ಸಂಗತಿ. ಮೂರೂ ಒಟ್ಟಿಗೆ ಸಿಕ್ಕರೆ ಮಾತೇ ಬೇರೆ. ಈ ಮಕ್ಕಳು ಉಳಿಯುವುದಿಲ್ಲ. ನಾಲ್ಕನೇ ತಿಂಗಳ ನಂತರ ಗರ್ಭಜಲ ಬಹುಮಟ್ಟಿಗೆ ಕೂಸಿನ ಮೂತ್ರವೇ. ಕಿಡ್ನಿ ಕೆಲಸ ಮಾಡದಿದ್ದರೆ ನೀರು ಬತ್ತುತ್ತದೆ, ನೀರು ಬತ್ತಿದರೆ ಪರದೆಯ ಚಿತ್ರ ಮಸುಕಾಗುತ್ತದೆ, ಮುದುಡಿ ಕೂತ ಕೂಸಿನ ಬೆರಳನ್ನು ಎಣಿಸಲಾಗುವುದಿಲ್ಲ. ಹಾಗಾಗಿ ಮೂರನೇ ತಿಂಗಳ ಕೊನೆಗೆ, ನೀರು ಇನ್ನೂ ಇರುವಾಗ ನೋಡಿದವರಿಗೆ ಕಂಡದ್ದು ಐದನೇ ತಿಂಗಳಲ್ಲಿ ನೋಡಿದವರಿಗೆ ಕಾಣದೇ ಹೋಗಬಹುದು.

ಮೆಕೆಲ್-ಗ್ರೂಬರ್ ತಂದೆತಾಯಿ ಇಬ್ಬರಿಂದಲೂ ಬರುವ ಕಾಯಿಲೆ. ಇಬ್ಬರೂ ಆರೋಗ್ಯವಾಗಿರುತ್ತಾರೆ, ಇಬ್ಬರಲ್ಲೂ ಆ ಜೀನಿನ ಒಂದೊಂದು ಕೆಟ್ಟ ಪ್ರತಿ ಇರುತ್ತದೆ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. 'ಒಂದಕ್ಕೆ ಬಂದಾಯ್ತು, ಇನ್ನು ಮೂರು ಮಕ್ಕಳು ಚೆನ್ನಾಗಿರುತ್ತವೆ' ಎಂಬ ಲೆಕ್ಕ ತಪ್ಪು. ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ನಾವೆಲ್ಲರೂ ಇಂಥ ಕೆಲವು ಕೆಟ್ಟ ಪ್ರತಿಗಳನ್ನು ಹೊತ್ತೇ ತಿರುಗುತ್ತೇವೆ. ಜೋಡಿ ಸಿಗುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಜೋಡಿ ಸಿಗುವ ಸಂಭವ ಏರುವುದು ಸಂಬಂಧದೊಳಗಿನ ಮದುವೆಯಲ್ಲಿ. ಕರ್ನಾಟಕದಲ್ಲಿ ಈಗಲೂ ನಾಲ್ಕರಲ್ಲಿ ಒಂದರಷ್ಟು ಮದುವೆ ಸಂಬಂಧದೊಳಗಿನದೇ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲಿ ಒಂದು ಪಾಲು ಜೀನ್ ಸಮಾನ, ಸೋದರಮಾವನಿಗೂ ಅಕ್ಕನ ಮಗಳಿಗೂ ನಾಲ್ಕರಲ್ಲಿ ಒಂದು ಪಾಲು. ಯಾವುದೇ ದಂಪತಿಯ ಮಗುವಿನಲ್ಲಿ ಹುಟ್ಟುದೋಷದ ಸಂಭವ ಶೇ 2ರಿಂದ 3. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದಕ್ಕೆ ಇನ್ನೂ ಹೆಚ್ಚುಕಡಿಮೆ ಅಷ್ಟೇ ಸೇರುತ್ತದೆ. ಅಂದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಸಂಬಂಧದಲ್ಲಿ ಮದುವೆಯಾದವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಪ್ರಶ್ನಿಸುವ ಕೆಲವರ ಧೋರಣೆ ನನಗೆ ಹಿಡಿಸುವುದಿಲ್ಲ. ಬೈಗುಳಕ್ಕೆ ಹೆದರಿ ಜನ ನಿಜ ಮುಚ್ಚಿಡುತ್ತಾರೆ, ನಷ್ಟ ಮಗುವಿಗೆ.

'ಸಂಬಂಧದಲ್ಲಿ ಆಗಿದ್ದೀರಾ?' ಎಂಬ ಪ್ರಶ್ನೆಗೆ ಸುಮ್ಮನೆ 'ಇಲ್ಲ' ಅಂದುಬಿಡುವುದುಂಟು. ಗಂಡನ ಅಣ್ಣನ ಮಗು ಒಂದು ವಾರಕ್ಕೆ ಹೋಗಿದ್ದು 'ದೃಷ್ಟಿಯಿಂದ', ಅಮ್ಮನ ತಮ್ಮಂದಿರಿಬ್ಬರು ನಡೆಯಲಾಗದೆ ಮಲಗಿಯೇ ಹೋಗಿದ್ದು 'ಜ್ವರದಿಂದ'. ಇಂಥ ಸುದ್ದಿಗಳೆಲ್ಲ ಒಳಗೆ ಮಂಚದ ಮೇಲೆ ಮಲಗಿದ ಹುಡುಗಿಗಿಂತ ಹೊರಗಿನ ಬೆಂಚಿನಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತ ಅಜ್ಜಿಗೆ ಚೆನ್ನಾಗಿ ಗೊತ್ತು. ಅಜ್ಜಿಯನ್ನು ಒಳಗೆ ಕರೆದು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳುವುದಕ್ಕೆ ಹದಿನೈದು ನಿಮಿಷ ಸಾಕು. ಡಾರ್ವಿನ್ನನ ಕೈಯಲ್ಲಿದ್ದದ್ದೂ ಅಷ್ಟೇ ತಾನೆ.

ಆಕಾರದಲ್ಲಿ ಏನೋ ಕಂಡಿತು ಅನ್ನಿ. ಮುಂದಿನ ಹೆಜ್ಜೆ ಸೂಜಿ. 11ರಿಂದ 14 ವಾರದೊಳಗಾದರೆ ಮಾಸಿನ ಚೂರು, 15 ವಾರ ದಾಟಿದ್ದರೆ ಗರ್ಭಜಲ. ಆ ಸೂಜಿಗೆ ದಾರಿ ತೋರುವುದೂ ಸ್ಕ್ಯಾನೇ. ಇದರಿಂದ ಗರ್ಭಪಾತವಾಗುವ ಅಪಾಯ ನುರಿತ ಕೈಗಳಲ್ಲಿ 200ಕ್ಕೆ ಒಂದಕ್ಕಿಂತ ಕಡಿಮೆ. ಸಿಕ್ಕ ಜೀವಕೋಶಗಳನ್ನು ಮೂರು ಬಗೆಯ ಜರಡಿಯಲ್ಲಿ ಸೋಸಬಹುದು. ಕ್ರೋಮೋಸೋಮ್‌ಗಳನ್ನು ಎಣಿಸುವುದು ದೊಡ್ಡ ಕಣ್ಣಿನ ಜರಡಿ, 21ನೆಯದು ಮೂರಿದ್ದರೆ ಡೌನ್ ಸಿಂಡ್ರೋಮ್. ಮೈಕ್ರೋಅರೇ ಅದಕ್ಕಿಂತ ಸಣ್ಣದು, ಕ್ರೋಮೋಸೋಮಿನ ಒಂದು ತುಣುಕು ಹಾರಿಹೋಗಿದ್ದರೆ ಹಿಡಿಯುತ್ತದೆ. ಎಕ್ಸೋಮ್ ಸೀಕ್ವೆನ್ಸಿಂಗ್ ವಸ್ತ್ರಗಾಳಿತ. ಸುಮಾರು 20,000 ಜೀನ್‌ಗಳ ಪ್ರೋಟೀನ್ ಪಾಠವನ್ನು ಅಕ್ಷರ ಅಕ್ಷರ ಓದುತ್ತದೆ.

ಬ್ರಿಟನ್ನಿನಲ್ಲಿ ಸ್ಕ್ಯಾನಿನಲ್ಲಿ ದೋಷ ಕಂಡ, ಆದರೆ ಮೊದಲೆರಡು ಜರಡಿಯಲ್ಲಿ ಏನೂ ಸಿಗದ 610 ಭ್ರೂಣಗಳ ಎಕ್ಸೋಮ್ ಓದಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಚಿತ ಉತ್ತರ ಸಿಕ್ಕಿದ್ದು ಶೇ 8.5ಕ್ಕೆ. ಮೂಳೆಯ ದೋಷ ಕಂಡವರಲ್ಲಿ ಶೇ 15ರಷ್ಟು. ಕತ್ತಿನ ಹಿಂದಿನ ನೀರಿನ ಪದರ ದಪ್ಪಗಿತ್ತು ಅನ್ನುವುದೊಂದೇ ಕಾರಣವಿದ್ದವರಲ್ಲಿ ಶೇ 3ರ ಆಸುಪಾಸು. ಇಷ್ಟು ಕಡಿಮೆಯೇ ಎಂದು ನಿರಾಶರಾಗಬೇಕಿಲ್ಲ. ಹುಟ್ಟುದೋಷಗಳೆಲ್ಲ ಜೀನಿನಿಂದಲೇ ಬರುವುದೂ ಇಲ್ಲ. ಓದಿ ಮುಗಿಸಿದ ಮೇಲೂ 'ಬದಲಾವಣೆ ಸಿಕ್ಕಿದೆ, ಕೆಟ್ಟದ್ದೋ ಅಲ್ಲವೋ ಈಗ ಹೇಳಲಾಗದು' ಎಂಬ ಮೂರನೇ ಬಗೆಯ ಉತ್ತರ ಬರುವುದುಂಟು. ಬಸುರಿಯೊಬ್ಬಳಿಗೆ ಇದಕ್ಕಿಂತ ಕಷ್ಟದ ಕಾಗದ ಇನ್ನೊಂದಿಲ್ಲ. ಪರೀಕ್ಷೆಗೆ ಮೊದಲೇ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡುವುದು ಇದಕ್ಕಾಗಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳನ್ನು ಜೊತೆಯಾಗಿ, ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ.

ತಾಯಿಯ ತೋಳಿನಿಂದ ರಕ್ತ ತೆಗೆದು ಮಾಡುವ ಎನ್‌ಐಪಿಟಿ ಬಂದಮೇಲೆ ಸ್ಕ್ಯಾನ್ ಯಾಕೆ ಎಂದು ಕೇಳುವವರಿದ್ದಾರೆ. ಮಾಸಿನಿಂದ ಉದುರಿದ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ ಎಂದು 1997ರಲ್ಲಿ ತೋರಿಸಿಕೊಟ್ಟವರು ವಿಜ್ಞಾನಿ ಡೆನಿಸ್ ಲೋ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ ಎನ್‌ಐಪಿಟಿ ಮುಖ್ಯವಾಗಿ 21, 18, 13ನೇ ಕ್ರೋಮೋಸೋಮಿನ ಎಣಿಕೆ ನೋಡುತ್ತದೆ, ಅದೂ ಸಂಭವದ ಅಂದಾಜು. ಡೌನ್ ಸಿಂಡ್ರೋಮ್ ಬಿಟ್ಟರೆ ಮೇಲೆ ಹೇಳಿದ ಒಂದು ಕಾಯಿಲೆಯೂ ಅದರಲ್ಲಿ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ ಸ್ಕ್ಯಾನಿನಲ್ಲಿ ಗಿಡ್ಡ ಮೂಳೆ ಕಂಡ ಮೇಲೆ ತಾಯಿಯ ರಕ್ತದಲ್ಲೇ ಎಫ್‌ಜಿಎಫ್‌ಆರ್3 ಬದಲಾವಣೆಯನ್ನು ಹುಡುಕುವ ಬೇರೆ ಪರೀಕ್ಷೆಯಿದೆ. ಅಲ್ಲೂ ಮೊದಲು ಕಂಡದ್ದು ಸ್ಕ್ಯಾನಿಗೆ.

ಇನ್ನು ಸ್ಕ್ಯಾನಿಗೆ ಕಾಣದವು. ರಕ್ತಹೀನತೆ ತರುವ ಥಲಸ್ಸೀಮಿಯಾ ಮೇಜರ್, ಸ್ನಾಯುಗಳನ್ನು ಸೊರಗಿಸುವ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಡುಶೆನ್ ಸ್ನಾಯುಕ್ಷಯ ಇವುಗಳಲ್ಲಿ ಸಾಮಾನ್ಯವಾಗಿ ಗರ್ಭದಲ್ಲಿ ಕೂಸಿನ ಆಕಾರ ಎಲ್ಲರಂತೆಯೇ. ನಮ್ಮದೇ ರಾಜ್ಯದ ಉದಾಹರಣೆ ಬೇಕೆಂದರೆ ಸಾಗರ ತಾಲ್ಲೂಕಿನ ಹಂದಿಗೋಡು ಊರಿನ ಹೆಸರನ್ನೇ ಹೊತ್ತ ಕಾಯಿಲೆ. ಎಪ್ಪತ್ತರ ದಶಕದಲ್ಲಿ ಬೆಳಕಿಗೆ ಬಂದ ಇದು ಸೊಂಟ, ಮಂಡಿಯ ಕೀಲುಗಳನ್ನು ಸವೆಸುತ್ತದೆ, ಕೆಲವರ ಎತ್ತರವನ್ನೂ ಕುಗ್ಗಿಸುತ್ತದೆ, ಒಬ್ಬ ಹೆತ್ತವರಿಂದಲೇ ಮಗುವಿಗೆ ಇಳಿಯುತ್ತದೆ. ಆದರೆ ನೋವು ಶುರುವಾಗುವುದು ಮಗು ಓಡಾಡುವ ವಯಸ್ಸಿಗೆ ಬಂದ ಮೇಲೆ. ಬಸಿರಿನಲ್ಲಿ ನೋಡುವುದಕ್ಕೆ ಏನಿರುತ್ತದೆ? 'ಸ್ಕ್ಯಾನ್ ನಾರ್ಮಲ್' ಅಂದರೆ 'ಇವತ್ತು, ಈ ಯಂತ್ರದಲ್ಲಿ, ಕೂಸು ಮಲಗಿದ ಈ ಭಂಗಿಯಲ್ಲಿ, ಆಕಾರದ ದೋಷ ಕಾಣಲಿಲ್ಲ' ಎಂದಷ್ಟೇ. ತೊಂಬತ್ತರ ದಶಕದಲ್ಲಿ ಯುರೋಪಿನ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ದೋಷವಿದ್ದ ನೂರು ಭ್ರೂಣಗಳಲ್ಲಿ ಸ್ಕ್ಯಾನಿಗೆ ಸಿಕ್ಕಿದ್ದು ಸುಮಾರು 60. ಯಂತ್ರಗಳು ಆಮೇಲೆ ಬಹಳ ಸುಧಾರಿಸಿವೆ, ನೂರಕ್ಕೆ ನೂರು ಎಂದೂ ಆಗುವುದಿಲ್ಲ.

ತಿರುವುಮುರುವಾದ ಕಾಟವೂ ಇದೆ. ರಿಪೋರ್ಟಿನಲ್ಲಿ 'ಹೃದಯದಲ್ಲಿ ಬಿಳಿ ಚುಕ್ಕೆ', 'ಮಿದುಳಿನಲ್ಲಿ ಸಣ್ಣ ನೀರುಗುಳ್ಳೆ' ಎಂದು ಬರೆದಿರುತ್ತಾರೆ. ಸಾಫ್ಟ್ ಮಾರ್ಕರ್ ಎನ್ನುವ ಇಂಥ ಗುರುತು ಒಂಟಿಯಾಗಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೆ, ಬಹುಪಾಲು ಸಲ ಅದಕ್ಕೇನೂ ಅರ್ಥವಿಲ್ಲ. ಆದರೆ ಆ ಒಂದು ಸಾಲನ್ನು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿ ಕಣ್ಣೀರಿಟ್ಟವರೆಷ್ಟೋ ಜನ. ರಿಪೋರ್ಟ್ ಬರೆದವರು ಐದು ನಿಮಿಷ ಬಾಯಲ್ಲಿ ಹೇಳಿದ್ದರೆ ಸಾಕಿತ್ತು.

ಕಾನೂನು ಎರಡು ಕಡೆಯಿಂದ ಈ ಕೋಣೆಯೊಳಗೆ ಬರುತ್ತದೆ. ಒಂದು ಬಾಗಿಲಲ್ಲೇ ಇದೆ: 'ಇಲ್ಲಿ ಲಿಂಗ ಪತ್ತೆ ಮಾಡಲಾಗುವುದಿಲ್ಲ' ಎಂಬ ಫಲಕ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಬಸುರಿಯ ಪ್ರತಿ ಸ್ಕ್ಯಾನಿಗೂ ಎಫ್ ನಮೂನೆ ತುಂಬಬೇಕು. ಅದೇ ಕಾಯ್ದೆ ಕ್ರೋಮೋಸೋಮ್ ದೋಷ, ರಕ್ತದ ಆನುವಂಶಿಕ ಕಾಯಿಲೆ, ಲಿಂಗಸಂಬಂಧಿ ಜೀನ್ ಕಾಯಿಲೆಗಳ ಪತ್ತೆಗೆ ಅವಕಾಶವನ್ನೂ ಕೊಟ್ಟಿದೆ. ಸಿಂಧ್ ಮನೆತನದಂಥ ಕಾಯಿಲೆಯಲ್ಲಿ ಗಂಡೋ ಹೆಣ್ಣೋ ಎಂಬುದೇ ಲೆಕ್ಕದ ಭಾಗ. ಆದರೂ ಹೆತ್ತವರಿಗೆ ತಿಳಿಸಬಹುದಾದದ್ದು 'ಕಾಯಿಲೆ ಇದೆ' ಅಥವಾ 'ಇಲ್ಲ' ಎಂದು ಮಾತ್ರ. ಹೆಣ್ಣುಭ್ರೂಣಗಳಿಗೆ ಈ ನಾಡು ಏನು ಮಾಡಿತೆಂದು ಗೊತ್ತಿದ್ದವರು ಈ ಬಿಗಿಗೆ ಗೊಣಗುವುದಿಲ್ಲ.

ಇನ್ನೊಂದು ವಾರಗಳ ಲೆಕ್ಕ. 2021ರ ತಿದ್ದುಪಡಿಯ ನಂತರ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ನಿಯಮದಲ್ಲಿ ಹೇಳಿದ ಕೆಲವು ವರ್ಗದವರಿಗೆ, ಗಂಭೀರ ಭ್ರೂಣದೋಷವೂ ಸೇರಿ, ಇಬ್ಬರದು ಬೇಕು. 24 ದಾಟಿದ ಮೇಲೆ, ತಾಯಿಯ ಜೀವಕ್ಕೇ ಕುತ್ತು ಬಂದ ಸಂದರ್ಭ ಬಿಟ್ಟರೆ, ಭ್ರೂಣದಲ್ಲಿ ಭಾರೀ ದೋಷವಿದೆಯೆಂದು ಮೆಡಿಕಲ್ ಬೋರ್ಡ್ ಹೇಳಿದರೆ ಮಾತ್ರ, ಅಲ್ಲಿ ವಾರದ ಮಿತಿಯಿಲ್ಲ. ಬೋರ್ಡ್ ಮೂರು ದಿನದಲ್ಲಿ ಉತ್ತರ ಕೊಡಬೇಕು. ಈಗ ಲೆಕ್ಕ ಹಾಕಿ. 20ನೇ ವಾರಕ್ಕೆ ಸ್ಕ್ಯಾನ್, ದೊಡ್ಡ ಊರಿನ ಫೀಟಲ್ ಮೆಡಿಸಿನ್ (ಭ್ರೂಣವೈದ್ಯ) ತಜ್ಞರ ಬಳಿ ಮತ್ತೊಮ್ಮೆ ತೋರಿಸಲು ಒಂದು ವಾರ, ಗರ್ಭಜಲ ತೆಗೆದು ಎಕ್ಸೋಮ್ ವರದಿ ಬರಲು ಮೂರು ನಾಲ್ಕು ವಾರ. ಬೀದರಿನಿಂದಲೋ ಚಾಮರಾಜನಗರದ ಹಾಡಿಯಿಂದಲೋ ಬರುವವರಿಗೆ ಇದರ ಮೇಲೆ ಬಸ್ಸು, ದುಡ್ಡು, ಕೂಲಿ ತಪ್ಪಿದ ದಿನಗಳು. ಐದನೇ ತಿಂಗಳ ಸ್ಕ್ಯಾನನ್ನು 'ಸೀಮಂತ ಆದ ಮೇಲೆ ನೋಡೋಣ' ಎಂದು ಏಳನೇ ತಿಂಗಳಿಗೆ ತಳ್ಳಿದರೆ ಈ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ?

ಪತ್ತೆಯಾದರೆ ತೆಗೆಸುವುದೊಂದೇ ದಾರಿ ಎಂಬುದೂ ಪೂರ್ತಿ ನಿಜವಲ್ಲ. ಎರ್ಲಾಂಗನ್ ವೈದ್ಯರು ಹಲ್ಲೆಣಿಸಿದ ಕಥೆಯ ಉಳಿದರ್ಧ ಅದೇ. ಇಡಿಎ ಪ್ರೋಟೀನಿನ ಮುಖ್ಯ ತುಣುಕನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಇದೇ ಕಾಯಿಲೆಯ ಇಲಿಗಳ ಬಸಿರಿನಲ್ಲಿ ಕೊಟ್ಟಾಗ ಮರಿಗಳು ಚೇತರಿಸಿಕೊಂಡವು ಎಂದು 2003ರಲ್ಲೇ ವರದಿಯಾಗಿತ್ತು. ಮನುಷ್ಯರ ಕೂಸಿಗೆ ಹುಟ್ಟಿದ ಮೇಲೆ ಕೊಟ್ಟು ನೋಡಿದರು, ಪ್ರಯೋಜನವಾಗಲಿಲ್ಲ. ಬೆವರುಗ್ರಂಥಿಗಳು ಮೊಳೆಯುವ ಹೊತ್ತು ಬಸಿರಿನಲ್ಲೇ ಮುಗಿದುಹೋಗಿರುತ್ತದೆ. ಆಗ, ಈ ಕಾಯಿಲೆಯ ಮಗನೊಬ್ಬನಿದ್ದ ತಾಯಿ ಮತ್ತೆ ಬಸುರಿಯಾಗಿ ಎರ್ಲಾಂಗನ್‌ಗೆ ಬಂದಳು. ಅವಳಿ ಗಂಡು. ಸ್ಕ್ಯಾನಿನಲ್ಲಿ ಎರಡರ ದವಡೆಯಲ್ಲೂ ಮೊಳಕೆಗಳು ತೀರಾ ಕಡಿಮೆ.

ಅಲ್ಲಿನ ವೈದ್ಯ ಹೋಲ್ಮ್ ಶ್ನೈಡರ್ ಮತ್ತು ಜೊತೆಗಾರರು 26ನೇ ವಾರದಲ್ಲೊಮ್ಮೆ, 31ರಲ್ಲೊಮ್ಮೆ, ಸ್ಕ್ಯಾನ್ ನೋಡುತ್ತಲೇ ಸೂಜಿಯಿಂದ ಆ ಪ್ರೋಟೀನನ್ನು ಗರ್ಭಜಲಕ್ಕೆ ಬಿಟ್ಟರು. ಕೂಸಿಗೆ ಚುಚ್ಚಲಿಲ್ಲ. ಬಸಿರಿನಲ್ಲಿ ಕೂಸು ಗರ್ಭಜಲವನ್ನು ಗುಟುಕು ಗುಟುಕಾಗಿ ನುಂಗುತ್ತಲೇ ಇರುತ್ತದೆ. ಪ್ರೋಟೀನಿಗೆ ಆಂಟಿಬಾಡಿಯ ಒಂದು ಬಾಲ ಕಟ್ಟಿದ್ದರು, ಆ ಬಾಲವನ್ನು ಹಿಡಿದು ಕೂಸಿನ ಕರುಳು ಅದನ್ನು ರಕ್ತಕ್ಕೆ ಎಳೆದುಕೊಂಡಿತು. ಇನ್ನೊಬ್ಬ ತಾಯಿಯ ಗಂಡುಕೂಸಿಗೆ 26ನೇ ವಾರದಲ್ಲಿ ಒಮ್ಮೆ ಕೊಟ್ಟರು. 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಮೂರು ಮಕ್ಕಳೂ ಬೆವರಿದವು. ಹಲ್ಲು ಪೂರ್ತಿ ಇಪ್ಪತ್ತು ಬರಲಿಲ್ಲ, ಈ ಕಾಯಿಲೆಯಲ್ಲಿ ನಿರೀಕ್ಷಿಸುವುದಕ್ಕಿಂತ ಹೆಚ್ಚು ಬಂದವು. ಮೂರೇ ಮಕ್ಕಳ ಫಲಿತಾಂಶ ನೆಚ್ಚಿ ಮದ್ದು ಎನ್ನಲಾಗದು. ಹಾಗಾಗಿ ಎಡಿಲೈಫ್ ಎಂಬ ಹೆಸರಿನಲ್ಲಿ ಹಲವು ದೇಶಗಳಲ್ಲಿ ದೊಡ್ಡ ಪ್ರಯೋಗ ಕೈಗೆತ್ತಿಕೊಂಡರು.

ಅವಳಿಗಳ ಹಲ್ಲನ್ನು ಎಣಿಸಬೇಕೆಂದು ವೈದ್ಯರಿಗೆ ಹೊಳೆದದ್ದು ಅಣ್ಣನಿಗೆ ಕಾಯಿಲೆ ಇದ್ದದ್ದರಿಂದ. ತಮ್ಮಂದಿರು ಬೆವರುತ್ತಾರೆ, ಆ ಅಣ್ಣ ಬೆವರುವುದಿಲ್ಲ.